ಇಣುಕಿದರೆ ಕೂರದ ಹೆಪ್ಪು

"ಕಾವಲು ನಾಯಿ ಮಂದೆ ಕಾದ್ರೆ ಸಾಕು, ಜೂಮಾರ್ತ್ ಬಾಯ್ಕೆ. ಕುರಿ ಎಣಿಸೋಕೆ ಬರಬೇಡಿ."

ಬೆಳಗಿನ ಆರೂವರೆ. ಕಿರ್ಗಿಜ್ ದೇಶದ ಬಿಷ್ಕೆಕ್ ಊರಿನ ದಕ್ಷಿಣಕ್ಕೆ, ಬೆಟ್ಟದ ಬುಡಕ್ಕೆ ಆತುಕೊಂಡ ಭೌತವಿಜ್ಞಾನ ಸಂಸ್ಥೆಯ ನೆಲಮಾಳಿಗೆ. ಮಾತು ಎಸೆದವನು ಮಿರ್ಲಾನ್. ವಯಸ್ಸು ಮೂವತ್ತೊಂದು, ಎರಡು ದೇಶಗಳ ಡಿಗ್ರಿ. ಮಾತು ಬಿದ್ದದ್ದು ಐವತ್ತಾರರ ಜೂಮಾರ್ತ್ ಅವರ ಮೇಲೆ. ಅಣ್ಣನಂಥ ಹಿರಿಯರಿಗೆ ಇಲ್ಲಿ 'ಬಾಯ್ಕೆ' ಎನ್ನುತ್ತಾರೆ, ಅಕ್ಕನಂಥವರಿಗೆ 'ಎಜೆ'. ಅವರು ಆಗ ಮಂಡಿಯೂರಿ ಕೂತು, ಮೊಣಕೈವರೆಗೆ ಚರ್ಮದ ಗವಸು ಏರಿಸಿ, ದ್ರವ ಸಾರಜನಕ ತುಂಬುತ್ತಿದ್ದಾರೆ. ಬಿಳಿ ಹೊಗೆ ನೆಲದ ಮೇಲೆ ಹರಿದು ಅವರ ಮಂಡಿ ಮುಚ್ಚಿದೆ. "ಆ ಮೂರು ವಾರದ ಲೆಕ್ಕ ರಖಾತ್ ಎಜೆ ಮುಂದೆ ಇಡೋಕೆ ಮುಂಚೆ ನನ್ನ ಪುಸ್ತಕ ಒಂದ್ಸಲ ನೋಡಪ್ಪ" ಎಂದಷ್ಟೇ ಅವರು ಕೇಳಿದ್ದು. ಅದಕ್ಕೆ ಸಿಕ್ಕ ಉತ್ತರ ನಾಯಿ.

ಇಬ್ಬರು ವಿದ್ಯಾರ್ಥಿನಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನೆಲ ಒರೆಸುವ ಜೀನಾ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನೋಡುತ್ತಾಳೆ. ಬಾಗಿಲಲ್ಲಿ ನಿಂತಿದ್ದ ಕುಬಾತ್ ಮಾತ್ರ ನಗುವುದಿಲ್ಲ. ಇಪ್ಪತ್ತೊಂಬತ್ತರ ಹುಡುಗ, ಇದೇ ಯಂತ್ರದ ಎರಡನೇ ಪಾಳಿಯವನು. ಇವತ್ತು ಎಜೆ ಕರೆದದ್ದಕ್ಕೆ ಬೆಳಗ್ಗೆಯೇ ಬಂದಿದ್ದಾನೆ. ಅವನು ಬಂದು ಕೊಳವೆಯ ತುದಿ ಹಿಡಿಯುತ್ತಾನೆ.

"ಬಿಡಿ ಬಾಯ್ಕೆ, ನಾನು ಹಿಡ್ಕೋತೀನಿ. ನಿಮ್ಮ ಸೊಂಟ ನೋವಲ್ವಾ."

ಜೂಮಾರ್ತ್ ಅವರ ಮುಖ ಆಗ ಕೆಂಪಾಗುತ್ತದೆ. ನಾಯಿ ಎಂದವನ ಮೇಲೆ ಏರದ ರಕ್ತ, ಸೊಂಟ ನೋವು ಎಂದವನ ಮೇಲೆ ಏರುತ್ತದೆ. ಹೊಟ್ಟೆಕಿಚ್ಚಿನ ದಾರಿಯೇ ಹಾಗೆ. ಒದ್ದವನ ಮನೆಗೆ ಅದು ಹೋಗುವುದಿಲ್ಲ, ಪಕ್ಕದ ಮನೆಗೇ ಹೋಗುತ್ತದೆ.

ಇನ್ನು ಒಂದೂವರೆ ಗಂಟೆಯಲ್ಲಿ, ಎಂಟಕ್ಕೆ ಸರಿಯಾಗಿ, ಪ್ರಯೋಗಾಲಯದ ಮುಖ್ಯಸ್ಥೆ ರಖಾತ್ ಎಜೆ ಒಂದು ತೀರ್ಮಾನ ಮಾಡಲಿದ್ದಾರೆ. ಕುಬಾತ್ ಯಂತ್ರದ ಹತ್ತಿರ ಇರಬೇಕೋ, ಹೊರಡಬೇಕೋ. ಮೂರು ವಾರದಿಂದ ಅವನ ಪಾಳಿಯ ಫಲಿತಾಂಶಗಳು ಕೆಟ್ಟಿವೆ. ಏಕೆ ಕೆಟ್ಟಿವೆ ಎಂದು ಇಡೀ ಸಂಸ್ಥೆಯಲ್ಲಿ ಗೊತ್ತಿರುವವರು ಒಬ್ಬರೇ. ಆ ಉತ್ತರ ಜೂಮಾರ್ತ್ ಅವರ ಚೀಲದೊಳಗೆ, ರೊಟ್ಟಿಯ ಗಂಟಿನ ಕೆಳಗೆ, ನೀಲಿ ರಟ್ಟಿನ ಪುಸ್ತಕದಲ್ಲಿದೆ. ಪುಸ್ತಕ ತೆರೆದರೆ ಕುಬಾತ್ ಉಳಿಯುತ್ತಾನೆ, ಅವರು ಮುಳುಗುತ್ತಾರೆ. ತೆರೆಯದಿದ್ದರೆ ಇಪ್ಪತ್ತೆಂಟು ವರ್ಷ ಒಬ್ಬರೇ ಸಾಕಿದ ಯಂತ್ರ ಮತ್ತೆ ಅವರೊಬ್ಬರದೇ ಆಗುತ್ತದೆ.

ಯಂತ್ರ ಎಂದರೆ ಚಾವಣಿಯಿಂದ ತಲೆಕೆಳಗಾಗಿ ತೂಗುವ ಹಿತ್ತಾಳೆ ಬಣ್ಣದ ಒಂದು ದೊಡ್ಡ ದೀಪದಂಥದ್ದು. ಅದರ ಅಂತಸ್ತುಗಳು ಕೆಳಗಿಳಿದಂತೆ ತಣ್ಣಗಾಗುತ್ತವೆ. ಕಟ್ಟಕಡೆಯ ತಟ್ಟೆಗಿಂತ ತಣ್ಣನೆಯ ಜಾಗ ಈ ದೇಶದಲ್ಲಿ ಇನ್ನೊಂದಿಲ್ಲ. ಇದಕ್ಕಿಂತ ಕೆಳಗೆ ಚಳಿಯೇ ಇಲ್ಲ ಎನ್ನುವ ಶೂನ್ಯವೊಂದಿದೆಯಲ್ಲ, ಅಲ್ಲಿಂದ ಒಂದು ಡಿಗ್ರಿ ಮೇಲಕ್ಕೆ ಹತ್ತಿ, ಆ ಡಿಗ್ರಿಯನ್ನು ಸಾವಿರ ಚೂರು ಮಾಡಿ. ಅದರಲ್ಲಿ ಹನ್ನೆರಡೇ ಚೂರು ಶಾಖ ಆ ತಟ್ಟೆಯಲ್ಲಿರುತ್ತದೆ. ಇಲ್ಲಿಯವರು ಅದನ್ನು ಬರೀ 'ಹನ್ನೆರಡು' ಎನ್ನುತ್ತಾರೆ. "ಇವತ್ತು ಎಷ್ಟು?" "ಹನ್ನೆರಡು." ಮುಗಿಯಿತು ಮಾತು.

ಆ ಹನ್ನೆರಡನ್ನು ಕಾಯಲು ಜೂಮಾರ್ತ್ ಬೆಳಗಿನ ಐದೂಕಾಲಿಗೆ ಮನೆ ಬಿಡುತ್ತಾರೆ. ಎರಡು ಮಿನಿಬಸ್ಸು, ಆಮೇಲೆ ಪಾಪ್ಲರ್ ಮರಗಳ ಸಾಲಿನಲ್ಲಿ ಹದಿನೈದು ನಿಮಿಷದ ನಡಿಗೆ. ಹೀಲಿಯಂ ಜೊತೆ ಸೇರಿಕೊಂಡ ಗಾಳಿಯ ಕಸವನ್ನು ಹಿಡಿದಿಡುವ ಪಾತ್ರೆಗೆ ದಿನಕ್ಕೆ ಎರಡು ಸಲ ಸಾರಜನಕ ತುಂಬಬೇಕು. ಒಂದು ಸಲ ಮರೆತರೆ ಆ ಕಸ ಕೂದಲಿನಷ್ಟು ಸಣ್ಣ ಕೊಳವೆಗಳಲ್ಲಿ ಹೆಪ್ಪುಗಟ್ಟಿ, ಇಡೀ ಯಂತ್ರವನ್ನು ಬಿಸಿ ಮಾಡಿ ಬಿಚ್ಚಬೇಕಾಗುತ್ತದೆ. ಮತ್ತೆ ತಣ್ಣಗಾಗಿಸಲು ನಾಲ್ಕು ದಿನ. ಆರು ಒತ್ತಡಮಾಪಕ, ಮೂರು ಪಂಪು, ನಲವತ್ತೊಂದು ವಾಲ್ವು. ವಾಲ್ವುಗಳ ಮೇಲಿದ್ದ ಅಂಕಿಗಳು ಎಂದೋ ಅಳಿಸಿಹೋಗಿವೆ. ಜೂಮಾರ್ತ್ ಅವರಿಗೆ ಅಂಕಿ ಬೇಕಾಗಿಲ್ಲ.

ತೊಂಬತ್ತರ ದಶಕದ ಕೊನೆಗೆ ಅವರು ಇಲ್ಲಿಗೆ ಬಂದಾಗ ಸಂಸ್ಥೆಯಲ್ಲಿ ವಿಜ್ಞಾನವಿರಲಿಲ್ಲ, ಕಳ್ಳರಿದ್ದರು. ತಾಮ್ರ ಎಂದರೆ ಜನ ಗೋಡೆ ಒಡೆದು ಕೀಳುತ್ತಿದ್ದ ಕಾಲ. ಓದಿದವರೆಲ್ಲ ವಿಮಾನ ಹತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹಾಲಿನ ಕಾರ್ಖಾನೆಯಲ್ಲಿ ಶೈತ್ಯಯಂತ್ರ ರಿಪೇರಿ ಮಾಡುತ್ತಿದ್ದ ಜೂಮಾರ್ತ್, ತಾಮ್ರದ ಕೊಳವೆಗಳನ್ನೆಲ್ಲ ಬಿಚ್ಚಿ ಮೂಟೆ ಕಟ್ಟಿ ಮನೆಗೆ ಹೊತ್ತರು. ತಾಯಿಯ ಕಂಬಳಿ ಪೆಟ್ಟಿಗೆಯ ತಳದಲ್ಲಿ ಅವು ನಾಲ್ಕು ವರ್ಷ ಮಲಗಿದ್ದವು. "ನಮ್ಮತ್ತೆ ಆ ಪೆಟ್ಟಿಗೆ ಮೇಲೇ ಕೂತು ಪ್ರಾಣ ಬಿಟ್ಟರು. ಕೆಳಗೆ ಚಿನ್ನ ಇದೆ ಅಂದ್ಕೊಂಡಿದ್ದರು ಪಾಪ" ಎಂದು ನಗುತ್ತಾಳೆ ಹೆಂಡತಿ ಬೂರುಲ್. ಇವತ್ತು ವಿದೇಶದಿಂದ ಬಂದವರು ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಳ್ಳುವ ಯಂತ್ರದೊಳಗೆ ಓಡುತ್ತಿರುವುದು ಆ ಕೊಳವೆಗಳೇ. ಎರಡು ವರ್ಷದ ಹಿಂದೆ ಹೊರಬಂದ ದೊಡ್ಡ ಪ್ರಬಂಧದ ಕೊನೆಯಲ್ಲಿ ಕರೆಂಟು ತೆಗೆಯದೆ ಸಹಕರಿಸಿದ ವಿದ್ಯುತ್ ಕಚೇರಿಗೂ ಕೃತಜ್ಞತೆ ಇದೆ. ಜೂಮಾರ್ತ್ ಅವರಿಗಿಲ್ಲ. ಪ್ರಬಂಧ ಬರೆದವರು ಏಳು ಜನ. ಏಳನೆಯ ಹೆಸರು ಕುಬಾತ್.

"ನಂಗೇನು ಹೆಸರು ಬೇಕಾಗಿಲ್ಲ" ಅನ್ನುತ್ತಾರೆ ಜೂಮಾರ್ತ್. ಸುಳ್ಳು. ಬೇಕಾಗಿದೆ. ಯಾಕೆ ಬೇಕಾಗಬಾರದು?

ಆ ತಟ್ಟೆಯ ಕೆಳಗೆ ಉಗುರಿನಷ್ಟು ಚಿಪ್ ಒಂದಿದೆ. ಅದರಲ್ಲಿ ಇಪ್ಪತ್ತು ಕ್ವಾಂಟಂ ಬಿಟ್‌ಗಳು. ಮಿರ್ಲಾನ್ ಅದನ್ನು ವಿವರಿಸಲು ಹೊರಟರೆ ಹಲಗೆ ತುಂಬುತ್ತದೆ, ತಲೆ ತುಂಬುವುದಿಲ್ಲ. ಜೂಮಾರ್ತ್ ಚಹಾದ ಬಟ್ಟಲು ಕೆಳಗಿಟ್ಟು ಹೀಗೆ ಹೇಳುತ್ತಾರೆ:

"ಒಂದು ಗುಡಾರದಲ್ಲಿ ಇಪ್ಪತ್ತು ಜನ ಕೂತವ್ರೆ ಅಂದ್ಕೊಳ್ಳಿ. ಪಕ್ಕಪಕ್ಕದವ್ರು ಪಿಸುಗುಡ್ತಾರೆ. ಸ್ವಲ್ಪ ಹೊತ್ತಾದ್ಮೇಲೆ ಒಬ್ಬನ ಗುಟ್ಟು ಅವನೊಬ್ಬನ ಹತ್ರ ಇರಲ್ಲ, ಇಪ್ಪತ್ತೂ ಜನರ ಮೇಲೆ ಹರಡ್ಕೊಂಡಿರುತ್ತೆ. ಒಬ್ಬನ್ನೇ ಎಳ್ಕೊಂಡ್ಬಂದು ಕೇಳಿದ್ರೆ ಏನೂ ಸಿಗಲ್ಲ. ಅದನ್ನ ಇವ್ರು ಹೆಣಿಗೆ ಅಂತಾರೆ. ಈಗ ನೀವು ಪರದೆ ಎತ್ತಿ ಇಣುಕಿ, ಯಾರೋ ಒಬ್ಬನ್ನ 'ಏಯ್, ನೀನೇನಂದೆ' ಅಂತ ಕೇಳ್ತೀರಿ. ಅಳತೆ ಅಂದ್ರೆ ಅದೇ. ಕೇಳಿದ ಜಾಗದಲ್ಲಿ ಹೆಣಿಗೆ ಹರಿಯುತ್ತೆ. ಅಪರೂಪಕ್ಕೆ ಇಣುಕಿದ್ರೆ ಹರಿದಿದ್ದನ್ನ ಅವೇ ಹೊಲ್ಕೊಳ್ತವೆ. ಮೇಲಿಂದ್ ಮೇಲೆ ಇಣುಕಿದ್ರೆ ಹೊಲಿಯೋಕೆ ಪುರುಸೊತ್ತಿಲ್ಲ."

"ನಿಧಾನವಾಗಿ ಹರಿಯುತ್ತಾ ಹೋಗುತ್ತದೆ, ಅಲ್ಲವೇ?" ಎಂದು ಯಂತ್ರ ನೋಡಲು ಬಂದವರು ಕೇಳುತ್ತಾರೆ.

"ಅಲ್ಲಲ್ಲ. ಮಜಾ ಇರೋದೇ ಅಲ್ಲಿ. ಅರ್ಧಂಬರ್ಧ ಅನ್ನೋದೇ ಇಲ್ಲ. ಒಂದು ಗೆರೆ ಐತೆ. ಗೆರೆ ಈಚೆ ಇಪ್ಪತ್ತೂ ಒಂದೇ ಕಂಬಳಿ. ಗೆರೆ ದಾಟಿದ್ರಿ, ಇಪ್ಪತ್ತು ಚಿಂದಿ. ನೀರು ಮಂಜುಗಡ್ಡೆ ಆಗುತ್ತಲ್ಲ, ಹಂಗೆ. ಆದ್ರೆ ಇಲ್ಲಿ ಬದಲಾಗೋದು ಚಳಿಯಿಂದಲ್ಲ, ನೋಡೋದ್ರಿಂದ. ಎಷ್ಟು ಸಲ ನೋಡಿದ್ರೆ ಆ ಗೆರೆ ಬರುತ್ತೆ ಅಂತ ಹುಡುಕೋದೇ ಇವರ ಕೆಲಸ."

ಇನ್ನೊಂದು ಷರತ್ತಿದೆ. ಒಂದೊಂದು ಇಣುಕಿನಲ್ಲಿ ಏನು ಕಂಡಿತೋ ಅದನ್ನು ಬಿಡದೆ ಬರೆದಿಟ್ಟುಕೊಳ್ಳಬೇಕು. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಗೆರೆಯೇ ಕಾಣುವುದಿಲ್ಲ. ಬರೆದಿಡದೆ ಇಣುಕಿ ಹೋದವನು ಈ ಲೋಕದಲ್ಲಿ ಕಳ್ಳನಿಗೆ ಸಮ.

ಕುಬಾತ್ ಬಂದದ್ದು ಮೂರು ವರ್ಷದ ಹಿಂದೆ. ಕೆಲಸ ಕಲಿಸಿದವರು ಜೂಮಾರ್ತ್ ಅವರೇ. ಮೊದಲ ವಾರವೇ ಹೇಳಿಕೊಟ್ಟಿದ್ದರು: "ಥರ್ಮಾಮೀಟರ್ ಪದೇ ಪದೇ ಕೆದಕಬೇಡ ಕಣೋ. ಓದಬೇಕಾದ್ರೆ ಒಳಗೆ ಕರೆಂಟು ಬಿಡಬೇಕು, ಕರೆಂಟು ಬಿಟ್ರೆ ಕಾವು. ಇಷ್ಟು ಚಳೀಲಿ ನೋಡೋದೂ ಒಂದು ಬೆಂಕಿ." ಹುಡುಗ ತಲೆಯಾಡಿಸಿದ್ದ. ಆಮೇಲೆ ಫಿನ್ಲೆಂಡಿಗೆ ಎರಡು ತಿಂಗಳ ತರಬೇತಿಗೆ ಒಬ್ಬರನ್ನು ಕಳಿಸುವ ಮಾತು ಬಂತು. ಜೂಮಾರ್ತ್ ಪಾಸ್‌ಪೋರ್ಟು ಮಾಡಿಸಿದರು. ಹೋದವನು ಕುಬಾತ್. ಆ ಪಾಸ್‌ಪೋರ್ಟಿನ ಮೇಲೆ ಇವತ್ತಿಗೂ ಒಂದು ಮುದ್ರೆ ಬಿದ್ದಿಲ್ಲ.

ತರಬೇತಿಯಿಂದ ಬಂದವನು, ಜೂಮಾರ್ತ್ ಹನ್ನೊಂದು ದಿನ ಹುಡುಕಿ ಸೋತ ಸೋರಿಕೆಯೊಂದನ್ನು ಒಂದು ಮಧ್ಯಾಹ್ನದಲ್ಲಿ ಹಿಡಿದ. ರಖಾತ್ ಎಜೆ ಚಪ್ಪಾಳೆ ತಟ್ಟಿ "ನಮ್ಮ ಕುಬಾತ್!" ಎಂದರು. ಇಪ್ಪತ್ತೆಂಟು ವರ್ಷದಲ್ಲಿ 'ನಮ್ಮ ಜೂಮಾರ್ತ್' ಎಂದು ಯಾರೂ ಅಂದಿರಲಿಲ್ಲ. ಪ್ರಬಂಧದ ಖುಷಿಗೆ ಸಂಸ್ಥೆಯ ಹಿತ್ತಲಲ್ಲಿ ಕುರಿ ಕಡಿದಾಗಂತೂ ಗಾಯಕ್ಕೆ ಉಪ್ಪು ಬಿತ್ತು. ಕಿರ್ಗಿಜ್ ಪಂಕ್ತಿಯಲ್ಲಿ ಮಾಂಸಕ್ಕೂ ವಯಸ್ಸಿದೆ. ಸೊಂಟದ ಎಲುಬು ಹಿರಿಯನ ತಟ್ಟೆಗೇ ಹೋಗಬೇಕು. ಎಜೆ ಸಂಭ್ರಮದಲ್ಲಿ ಅದನ್ನು ಕುಬಾತ್ ಮುಂದೆ ಇಟ್ಟುಬಿಟ್ಟರು. ಹುಡುಗನ ಮುಖ ಬಿಳಿಚಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಜೂಮಾರ್ತ್ ಕಡೆ ಚಾಚಿದ.

"ತಿನ್ನಪ್ಪ, ತಿನ್ನು" ಎಂದರು ಜೂಮಾರ್ತ್. "ಹಲ್ಲಿರೋರು ತಿನ್ನಬೇಕು."

ಆವತ್ತು ಮನೆಗೆ ಬಂದು ಊಟ ಮಾಡಲಿಲ್ಲ. "ಎಲುಬಿಗೋಸ್ಕರ ಮುನಿಸಿಕೊಳ್ಳೋಕೆ ನೀನೇನು ನಾಯೀನಾ?" ಎಂದು ಬೂರುಲ್ ಛೇಡಿಸಿದ್ದಳು. ಹೆಂಡತಿ ಅಂದ ನಾಯಿ ಬೇರೆ, ಮಿರ್ಲಾನ್ ಅಂದ ನಾಯಿ ಬೇರೆ.

ಜೂಮಾರ್ತ್ ಅವರ ಪಾಳಿ ಮಧ್ಯಾಹ್ನ ಎರಡೂವರೆಗೆ ಮುಗಿಯುತ್ತದೆ, ಕುಬಾತನದು ಅಲ್ಲಿಂದ ಶುರು. ಮೂರು ವಾರದ ಹಿಂದೆ ಹೊಸ ಪ್ರಯೋಗ ಆರಂಭವಾದ ದಿನ ಜೂಮಾರ್ತ್ ಮನೆಗೆ ಹೊರಡಲಿಲ್ಲ. ಮೇಲಂತಸ್ತಿನಲ್ಲಿ ಅವರ ಹಳೆಯ ಕೋಣೆಯೊಂದಿದೆ. ಒಂದು ಸ್ಟೂಲು, ಕೆಟ್ಟ ಪಂಪಿನ ಭಾಗಗಳು, ಗೋಡೆಯಲ್ಲಿ ಕಬ್ಬಿಣದ ಪೆಟ್ಟಿಗೆ. ಅದು ಹಳೆಯ ಕಾಲದ ಕೈ ಮೀಟರು. ಅದರ ತಂತಿ ಇನ್ನೂ ಕೆಳಗಿನ ತಟ್ಟೆಗೆ ಅಂಟಿಸಿದ ಹಳೆಯ ಥರ್ಮಾಮೀಟರಿಗೆ ಹೋಗುತ್ತದೆ. ಗುಂಡಿ ಒತ್ತಿದರೆ ಮುಳ್ಳು ಏಳುತ್ತದೆ. ಕುಬಾತ್ ಎಲ್ಲಿ ಎಡವುತ್ತಾನೆ ನೋಡೋಣ ಎಂದು ಅವರು ಗುಂಡಿ ಒತ್ತಿದರು.

ಮುಳ್ಳು ಮೂವತ್ತೆಂಟು ತೋರಿಸಿತು.

ಹನ್ನೆರಡು ಇರಬೇಕಾದಲ್ಲಿ ಮೂವತ್ತೆಂಟು! ಜೂಮಾರ್ತ್ ಎದೆಯಲ್ಲಿ ಹಬ್ಬ. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದರು. ನಲವತ್ತು. ನೀಲಿ ಪುಸ್ತಕ ತೆಗೆದು ಗಂಟೆ, ನಿಮಿಷ, ಅಂಕಿ ಬರೆದರು. ಆರು ಗಂಟೆಯ ಮಿನಿಬಸ್ಸು ಹಿಡಿಯುವವರೆಗೂ ಒತ್ತಿದರು, ಬರೆದರು. ಮರುದಿನವೂ ಅದೇ. ಹದಿನೈದು ಕೆಲಸದ ದಿನ, ಮುನ್ನೂರ ಹನ್ನೆರಡು ಸಲ. ಇತ್ತ ತಮ್ಮ ಪಾಳಿಯಲ್ಲಿ ತಟ್ಟೆ ಹನ್ನೆರಡರಲ್ಲಿ ತಣ್ಣಗೆ ಕೂತಿತ್ತು. ಎಷ್ಟು ಸುಖ! ಇಷ್ಟು ಸುಖದ ಅಂಕಿ ಎಲ್ಲಿಂದ ಹುಟ್ಟಿತು ಎಂದು ಯಾರು ಕೇಳುತ್ತಾರೆ? ಹುಡುಗನಿಗೆ ಮೊದಲ ವಾರ ಹೇಳಿಕೊಟ್ಟ ಪಾಠ ಆ ಸ್ಟೂಲಿನ ಮೇಲೆ ಅವರಿಗೇ ನೆನಪಾಗಲಿಲ್ಲ.

ಕೆಳಗೆ ಫಲಿತಾಂಶ ಕೆಡುತ್ತಿತ್ತು. ಬೆಳಗಿನ ಪಾಳಿಯಲ್ಲಿ ಗೆರೆ ಒಂದು ಕಡೆ ಚೂಪಾಗಿ ಬಂದರೆ, ಎರಡನೇ ಪಾಳಿಯಲ್ಲಿ ಕಲಸಿದ ಹಿಟ್ಟಿನಂತೆ ಹರಡಿ, ಬರಬೇಕಾದ್ದಕ್ಕಿಂತ ಮುಂಚೆಯೇ ಬರುತ್ತಿತ್ತು. ಮಿರ್ಲಾನ್ ಪಾಳಿಗೊಂದು ಸರಾಸರಿ ತೆಗೆದು ಕುಬಾತನ ಹೆಸರು ಬರೆದ. ಹೋದ ಶುಕ್ರವಾರ ಚಹಾ ಕುಡಿಯುತ್ತಾ ಅಂದ:

"ವಿಚಿತ್ರ ಕಣ್ರೀ. ನಾವು ಅಳೀತಿರೋದು ಸಾಲದು ಅಂತ ಇನ್ಯಾವನೋ ಒಬ್ಬ ಕದ್ದು ಅಳೀತಿದ್ದಾನೆ ಅನ್ನೋ ಹಾಗಿದೆ. ನೋಡ್ತಾನೆ, ನೋಡಿದ್ದನ್ನ ಹೇಳಲ್ಲ."

"ದೆವ್ವ ಇರಬೇಕು" ಎಂದ ಕುಬಾತ್, ನಗಲು ನೋಡುತ್ತಾ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. ಜೂಮಾರ್ತ್ ಕೈಯಲ್ಲಿದ್ದ, ಹಿಟ್ಟು ಕರಿದು ಮಾಡಿದ ಬೂರ್ಸೋಕ್ ತುಂಡು ಬಾಯಿಗೆ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಬೂರುಲ್ ಐರಾನ್ ಎನ್ನುವ ಮೊಸರಿಗೆ ಹೆಪ್ಪು ಹಾಕಿ, ಪಾತ್ರೆಯನ್ನು ಗಂಡನ ಹಳೆಯ ಹತ್ತಿಕೋಟಿನಲ್ಲಿ ಸುತ್ತಿ ಒಲೆಯ ಮೂಲೆಗಿಟ್ಟಿದ್ದಳು. ಜೂಮಾರ್ತ್ ಮುಚ್ಚಳ ಎತ್ತಿದರು. ಒಂದು ಸಲ, ಎರಡು ಸಲ, ನಾಲ್ಕು ಸಲ. ಮೂರು ವಾರದ ಚಟ ಬೆರಳಿಗೆ ಬಂದುಬಿಟ್ಟಿತ್ತು.

"ಮುಚ್ಚೋ ಅದನ್ನ!" ಎಂದು ಸೌಟಿನಲ್ಲಿ ಕೈಗೇ ಹೊಡೆದಳು ಬೂರುಲ್. "ಇನ್ನೂ ಹಾಲಾಗೇ ಇದೆ ಅಂತ ನೋಡ್ತೀಯ. ನೀನು ನೋಡ್ತಿರೋದಕ್ಕೇ ಅದು ಹಾಲಾಗಿರೋದು!"

ಜೂಮಾರ್ತ್ ಮುಚ್ಚಳ ಮುಚ್ಚಿದರು. ಆಮೇಲೆ ಟೋಪಿ ಹಾಕಿಕೊಂಡು ಸಂಸ್ಥೆಗೆ ಹೋದರು. ರಜೆಯ ದಿನ, ಕಾವಲುಗಾರನನ್ನು ಬಿಟ್ಟರೆ ಯಾರೂ ಇಲ್ಲ. ಕೆಳಗಿನ ಹೊಸ ಮೀಟರು ಅರ್ಧ ಗಂಟೆಗೊಮ್ಮೆ ಮಾತ್ರ, ಇರುವೆ ಕಚ್ಚಿದಷ್ಟು ಕರೆಂಟಿನಲ್ಲಿ ಓದುತ್ತದೆ. ಅದನ್ನು ನಿಮಿಷಕ್ಕೊಮ್ಮೆ ಓದುವಂತೆ ತಿರುಗಿಸಿದರು. ಹನ್ನೆರಡು. ಮೇಲೆ ಹೋಗಿ ಹಳೆಯ ಗುಂಡಿ ಒತ್ತಿದರು. ಮೆಟ್ಟಿಲು ಇಳಿದು ಬಂದು ನೋಡಿದರೆ ಮೂವತ್ತಾರು. ಆರು ನಿಮಿಷ ಕಾದರು. ಇಳಿಯಿತು, ಹನ್ನೆರಡು. ಮತ್ತೆ ಹತ್ತಿದರು, ಒತ್ತಿದರು, ಇಳಿದರು. ಸೊಂಟ ನೋವಿನ ಮನುಷ್ಯ ಹತ್ತು ಸಲ ಆ ಮೆಟ್ಟಿಲು ಹತ್ತಿ ಇಳಿದರು. ಹತ್ತು ಸಲವೂ ಅದೇ. ಕುಬಾತನ ಪಾಳಿಯಲ್ಲಿ ತಟ್ಟೆ ಬಿಸಿಯಾಗಿರಲೇ ಇಲ್ಲ. ಬಿಸಿಯಾಗಿದೆಯಾ ಎಂದು ಇವರು ನೋಡಿದ್ದಕ್ಕೇ ಬಿಸಿಯಾಗಿತ್ತು. ಆ ಕಾವಿಗೆ ಬಿಟ್‌ಗಳು ಎಗರಾಡಿದ್ದವು, ಹೆಣಿಗೆ ಹರಿದಿತ್ತು, ಗೆರೆ ಜಾರಿತ್ತು. ಅರ್ಧ ಗಂಟೆಗೊಮ್ಮೆ ಓದುವ ಹೊಸ ಮೀಟರಿಗೆ ಸಿಕ್ಕಿದ್ದು ಮಾತ್ರ ಎರಡು ಒತ್ತುಗಳ ನಡುವೆ ತಣಿದ ತಟ್ಟೆ. ಕದ್ದು ಅಳೆಯುವ ದೆವ್ವ ಇದ್ದದ್ದು ಆ ಸ್ಟೂಲಿನ ಮೇಲೆ.

ಈಗ ಸೋಮವಾರ, ಬೆಳಗಿನ ಎಂಟು. ರಖಾತ್ ಎಜೆ ಕೋಣೆ. ಮಿರ್ಲಾನ್ ಪರದೆಯ ಮೇಲೆ ಎರಡು ರೇಖೆ ತೋರಿಸುತ್ತಾನೆ, ಒಂದು ನೆಟ್ಟಗೆ, ಇನ್ನೊಂದು ಸೊಟ್ಟ. "ಇದಕ್ಕಿಂತ ಏನು ಹೇಳಲಿ ಎಜೆ. ಕೈ ಸರಿಯಿಲ್ಲ." ಕುಬಾತ್ ತನ್ನ ಬೂಟಿನ ತುದಿ ನೋಡುತ್ತಿದ್ದಾನೆ. ವಿದ್ಯಾರ್ಥಿನಿಯರು ಬಾಗಿಲ ಬಳಿ ನಿಂತಿದ್ದಾರೆ.

ಜೂಮಾರ್ತ್ ಗೋಡೆಗೆ ಒರಗಿ ನಿಂತಿದ್ದಾರೆ. ಸುಮ್ಮನಿದ್ದರೆ ಇನ್ನು ಎರಡು ನಿಮಿಷದ ಕೆಲಸ. ನಾಳೆಯಿಂದ ಎರಡೂ ಪಾಳಿ ಅವರದೇ. ಹೊಟ್ಟೆಯೊಳಗಿನ ಕಿಚ್ಚು ಸುಮ್ಮನಿರು ಅನ್ನುತ್ತದೆ. ಅದು ಈಗಲೂ ಆರಿಲ್ಲ. ಒಳ್ಳೆಯವರಾಗಿಬಿಟ್ಟರು ಎಂದು ಯಾರೂ ಬರೆದುಕೊಳ್ಳಬೇಡಿ. ಆದರೆ ಆ ಸೊಟ್ಟ ರೇಖೆಯನ್ನು ಅವರಿಂದ ನೋಡಲಾಗುತ್ತಿಲ್ಲ. ಇಪ್ಪತ್ತೆಂಟು ವರ್ಷ ಕಾದ ಚಳಿಗೆ ಅಂಟಿದ ಕೊಳೆ ಅದು. ಹಾಗೇ ಅಚ್ಚಾಗಿ ಹೋದರೆ ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾವನೋ ಓದಿ, ಬಿಷ್ಕೆಕ್ಕಿನವರ ಹನ್ನೆರಡು ಹನ್ನೆರಡಲ್ಲ ಅನ್ನುತ್ತಾನೆ.

ಚೀಲದಿಂದ ನೀಲಿ ಪುಸ್ತಕ ತೆಗೆದು ಮೇಜಿನ ಮೇಲಿಡುತ್ತಾರೆ. ಪಕ್ಕದಲ್ಲಿ ಗೇಣುದ್ದದ ಒಂದು ತಂತಿ. ಎರಡೂ ತುದಿಗಳು ಈಗಷ್ಟೇ ಕತ್ತರಿಸಿದಂತೆ ಹೊಳೆಯುತ್ತಿವೆ.

"ಮೇಲಿನ ಕೋಣೆ ಪೆಟ್ಟಿಗೇದು. ನಾನು ಒತ್ತಿದ್ದು. ಮುನ್ನೂರ ಹನ್ನೆರಡು ಸಲ. ಒಂದೊಂದಕ್ಕೂ ಗಂಟೆ ನಿಮಿಷ ಐತೆ. ಒಂದೊಂದು ಒತ್ತಿದ ಮೇಲಿನ ಆರಾರು ನಿಮಿಷ ಕತ್ತರಿಸಿ ಹಾಕಿ, ಆಮೇಲೆ ನೋಡಿ."

ರಖಾತ್ ಎಜೆ ಕನ್ನಡಕ ಏರಿಸಿ ಪುಟ ತಿರುವುತ್ತಾರೆ. ತುಂಬ ಹೊತ್ತು. ಆಮೇಲೆ ಕಂಪ್ಯೂಟರನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. "ಮಿರ್ಲಾನ್, ಎರಡನೇ ಪಾಳೀನ ಸಂಜೆ ಆರಕ್ಕೆ ಮುಂಚೆ, ಆಮೇಲೆ ಅಂತ ಎರಡು ಭಾಗ ಮಾಡಿದ್ದೀಯಾ?"

"ಇಲ್ಲ ಎಜೆ. ಪಾಳಿಗೊಂದು ಸರಾಸರಿ..."

"ಹೂಂ" ಅನ್ನುತ್ತಾರೆ ಎಜೆ. ಆ 'ಹೂಂ' ಕೇಳಿ ಮಿರ್ಲಾನ್ ಕಿವಿ ಕೆಂಪಾಗುತ್ತದೆ. ಆರರ ನಂತರದ ರೇಖೆಯನ್ನು ಬೇರೆ ಮಾಡುತ್ತಾರೆ. ಸೊಟ್ಟ ರೇಖೆ ಎದ್ದು ಬಂದು ನೆಟ್ಟಗಿನದರ ಮೇಲೆ ಕೂರುತ್ತದೆ. ಪುಸ್ತಕದ ಮೊದಲ ಪುಟದ ನಿಮಿಷಗಳನ್ನು ತೆಗೆಯುತ್ತಾರೆ. ಆ ದಿನದ ಮಧ್ಯಾಹ್ನದ್ದೂ ಬಂದು ಅಲ್ಲೇ ಸೇರುತ್ತದೆ. ಒಂದೇ ಗೆರೆ, ಚೂಪಾಗಿ.

"ಅಂದ್ರೆ ಆ ದೆವ್ವ ಇವರೇನಾ!" ಎಂದು ಮಿರ್ಲಾನ್ ನಗುತ್ತಾನೆ. ಕೆಂಪು ಕಿವಿಯವನ ನಗು ಅದು. "ಮೂರು ವಾರ, ಎಜೆ! ಹೊಟ್ಟೆಕಿಚ್ಚಿಗೆ! ಇಂಥವ್ರನ್ನ ಯಂತ್ರದ ಹತ್ರ ಬಿಡ್ತೀರಾ?"

ಜೊತೆಗೆ ಯಾರೂ ನಗುವುದಿಲ್ಲ. ಎಜೆ ಪುಸ್ತಕ ಮುಚ್ಚುತ್ತಾರೆ. "ಬಿಡಬೇಕೋ ಬೇಡವೋ ಸಂಜೆ ಹೇಳ್ತೀನಿ. ಮೇಲಿನ ಕೋಣೆ ಬೀಗದ ಕೈ ಇಲ್ಲಿಡಿ, ಜೂಮಾರ್ತ್."

ಬೀಗದ ಕೈ ಮೇಜಿನ ಮೇಲೆ ಸದ್ದು ಮಾಡುತ್ತದೆ. ಆಗ ಕುಬಾತ್ ತಲೆ ಎತ್ತುತ್ತಾನೆ. ಉಳಿದುಕೊಂಡ ಖುಷಿ ಅವನ ಮುಖದಲ್ಲಿಲ್ಲ.

"ಬಾಯ್ಕೆ, ಎಲುಬು ನಿಮಗೇ ಕೊಟ್ಟಿದ್ನಲ್ಲ ನಾನು. ಎರಡೂ ಕೈಯಲ್ಲಿ ಕೊಟ್ಟೆ. ನಾನೇನು ಮಾಡಿದ್ದೆ ನಿಮಗೆ?"

ಜೂಮಾರ್ತ್ ಚರ್ಮದ ಗವಸುಗಳನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ಗೋಡೆಯ ಗಡಿಯಾರದಲ್ಲಿ ಎಂಟೂ ಐವತ್ತು. ಎರಡನೇ ಸಾರಜನಕದ ಹೊತ್ತು ಇನ್ನೂ ದೂರವಿದೆ, ಆದರೂ ಅವರು ಬಾಗಿಲು ದಾಟುತ್ತಾರೆ, ಸೊಂಟ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಕೆಳಗೆ ಪಂಪುಗಳು ಎಂದಿನ ಲಯದಲ್ಲಿ ಉಸಿರಾಡುತ್ತಿವೆ. ಥರ್ಮಾಮೀಟರಿನ ಫಲಕದಲ್ಲಿ ಹಸಿರು ಅಂಕಿ ಉರಿಯುತ್ತಿದೆ. ಜೂಮಾರ್ತ್ ಅದರ ಮುಂದೆಯೇ ಹಾದುಹೋಗುತ್ತಾರೆ, ಎಷ್ಟು ಎಂದು ನೋಡುವುದಿಲ್ಲ.